ಇಂಗ್ಲಿಷ್ ಪೀರಿಯಡ್ಡಿನಲ್ಲಿ ರೆಕಾರ್ಡ್ ಬರೆಯುವ ಮಕ್ಕಳು

ಮಧ್ಯಾಹ್ನದಿಂದ ಮನಸ್ಸು ಸರಿಯಿಲ್ಲ. ಬರೆದುಬಿಡ್ತೀನಿ.

ಇವತ್ತು ಬಿ.ಎಸ್ಸಿ ಎರಡನೇ ಸೆಮಿಸ್ಟರಿನ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ. ಒಬ್ಬಳು ಹುಡುಗಿ ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳತೆಯಿಂದ ಬಿಟ್ಟು ಅದರ ಸಾಂದ್ರತೆ ಕಂಡುಹಿಡಿಯುವ ಪ್ರಯೋಗ) ಮಾಡುತ್ತಿದ್ದಳು. ಎಡಗೈ ಬ್ಯುರೆಟ್ಟಿನ (ಅಳತೆ ಗೆರೆಗಳಿರುವ ಉದ್ದ ಗಾಜಿನ ಕೊಳವೆ) ತಿರುಪಿನ ಮೇಲೆ, ಬಲಗೈಯಲ್ಲಿ ಫ್ಲಾಸ್ಕ್ ಮೆಲ್ಲಗೆ ತಿರುಗುತ್ತಿದೆ. ಕೊನೆಗೆ ಹನಿ ಹನಿಯಾಗಿ ಬಿಟ್ಟು, ಬಿಳಿ ಟೈಲ್ ಮೇಲೆ ಇನ್ನು ಸಾಕು ಅಂತ ಹೇಳುವ ಆ ತಿಳಿ ಗುಲಾಬಿ ಬಣ್ಣ ಕಂಡ ತಕ್ಷಣ ನಿಲ್ಲಿಸಿದಳು. ಒಂದು ಹನಿ ಹೆಚ್ಚಿಲ್ಲ. ಮೂರು ರೀಡಿಂಗೂ ತಾಳೆ. ಇಷ್ಟು ಹದವಾದ ಕೈ ವರ್ಷಕ್ಕೆ ಒಬ್ಬಿಬ್ಬರದ್ದು ಸಿಕ್ಕರೆ ಹೆಚ್ಚು.

ಆಮೇಲೆ ವೈವಾ, ಬಾಯಿಮಾತಿನ ಪರೀಕ್ಷೆ. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಇಂಗ್ಲಿಷಿನಲ್ಲಿ ಕೇಳಿದರು: ನೀರಿನಲ್ಲಿ ತೊಳೆದ ಮೇಲೂ ಬ್ಯುರೆಟ್ಟನ್ನು ಅದಕ್ಕೆ ತುಂಬುವ ದ್ರಾವಣದಿಂದಲೇ ಯಾಕೆ 'ರಿನ್ಸ್' (ಜಾಲಾಡಿಸುವುದು) ಮಾಡಬೇಕು? ಹುಡುಗಿ ಗರಬಡಿದವಳ ಹಾಗೆ ನಿಂತಳು. ಅವರು ಐದಕ್ಕೆ ಒಂದು ಹಾಕಿ ಮುಂದಿನವರನ್ನು ಕರೆದರು. ಅವಳ ಕೆಮಿಸ್ಟ್ರಿ ಮೇಷ್ಟ್ರಾಗಿ ಪಕ್ಕದಲ್ಲೇ ಕೂತಿದ್ದ ನಾನೂ ಬಾಯಿ ಬಿಡಲಿಲ್ಲ. ಅದು ಈಗ ಚುಚ್ಚುತ್ತಿದೆ.

ಪರೀಕ್ಷೆ ಮುಗಿದ ಮೇಲೆ ಕಾರಿಡಾರಿನಲ್ಲಿ ಅದನ್ನೇ ಕನ್ನಡದಲ್ಲಿ ಕೇಳಿದೆ. "ಒಳಗೆ ನೀರು ಉಳಿದಿರುತ್ತಲ್ಲ ಸಾರ್, ದ್ರಾವಣ ತೆಳುವಾಗುತ್ತೆ, ರೀಡಿಂಗ್ ಜಾಸ್ತಿ ಬರುತ್ತೆ" ಅಂದಳು, ಒಂದೇ ಉಸಿರಿಗೆ. ಮತ್ತೆ ಯಾಕಮ್ಮ ಹೇಳಲಿಲ್ಲ ಅಂದರೆ, "ರಿನ್ಸ್ ಅಂದ್ರೆ ಏನಂತ ಗೊತ್ತಾಗ್ಲಿಲ್ಲ ಸಾರ್."

ಅವಳ ರೆಕಾರ್ಡ್ (ಲ್ಯಾಬಿನ ಪ್ರಯೋಗಗಳನ್ನು ಬರೆದಿಡುವ ಪುಸ್ತಕ) ತೆಗೆದು ನೋಡಿದೆ. ಪ್ರತಿ ಟೈಟ್ರೇಶನ್ನಿನ ಪ್ರೊಸೀಜರಿನಲ್ಲೂ ಆ ಪದ ಇದೆ! ಮುತ್ತು ಪೋಣಿಸಿದಂಥ ಅಕ್ಷರ. ಅಷ್ಟೂ ಸೀನಿಯರ್ ರೆಕಾರ್ಡಿನಿಂದ ಇಳಿಸಿದ್ದು. ಯಾವಾಗ ಇಳಿಸಿದ್ದು? ಇಂಗ್ಲಿಷ್ ಪೀರಿಯಡ್ಡಿನಲ್ಲಿ.

ನನ್ನ ಸಂಕಟ ಇದೇ. "ನಾವು ಸೈನ್ಸ್ ಸಾರ್, ಲ್ಯಾಂಗ್ವೇಜ್ ಪಾಸಾದ್ರೆ ಸಾಕು." ಪ್ರತಿ ವರ್ಷ, ಪ್ರತಿ ಬ್ಯಾಚ್, ಇದೇ ಮಾತು. ಮೊದಲ ನಾಲ್ಕು ಸೆಮಿಸ್ಟರ್ ಇಂಗ್ಲಿಷ್ ಇದೆ. ಮೇಡಂ ಪಾಠ ಮಾಡುತ್ತಿರುತ್ತಾರೆ, ಹಿಂದಿನ ಬೆಂಚುಗಳಲ್ಲಿ ರೆಕಾರ್ಡ್ ಸಾಗುತ್ತಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡಿನಿಂದ ನಾಲ್ಕು ಸಾರಾಂಶ ಉರು ಹೊಡೆದರೆ ಮುಗೀತು. ಇಂಗ್ಲಿಷ್ ಬೇರೆ, ಸೈನ್ಸ್ ಬೇರೆ ಅಂದುಕೊಂಡಿದ್ದಾರೆ. ತಮ್ಮ ಸೈನ್ಸ್ ಪೂರ್ತಿ ಆ ಭಾಷೆಯೊಳಗೇ ಕೂತಿದೆ ಅನ್ನೋದು ವೈವಾ ಟೇಬಲ್ ಮುಂದೆ ನಿಂತಾಗಲೇ ಗೊತ್ತಾಗುವುದು.

ಸೋಮಾರಿಗಳು ಅಂತ ಬೈಯೋಕೂ ಮನಸ್ಸು ಬರಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳನ್ನು ಪಿಯುಸಿ ಸೈನ್ಸ್ ಒಂದೇ ಬೇಸಿಗೆಯಲ್ಲಿ ಇಂಗ್ಲಿಷಿಗೆ ತಳ್ಳುತ್ತದೆ. ಅರ್ಥವಾಗದ ವಾಕ್ಯವನ್ನು ಹಾಗೇ ನುಂಗಿ, ಹಾಗೇ ಬರೆದರೆ ಮಾರ್ಕ್ಸ್ ಬರುತ್ತೆ ಅಂತ ಆ ಎರಡು ವರ್ಷದಲ್ಲಿ ಕಲಿತುಬಿಡುತ್ತಾರೆ. ನಾನೂ ಹಾಗೇ ಬಂದವನು. ಫಸ್ಟ್ ಪಿಯುಸಿಯಲ್ಲಿ ತಿಂಗಳುಗಟ್ಟಲೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೆಮಿಸ್ಟ್ರಿ ಗೊತ್ತಿಲ್ಲದೆ ಅಲ್ಲ, ಪ್ರಶ್ನೆಯ ವಾಕ್ಯ ಕಟ್ಟಲು ಬಾರದೆ.

ಈಗ ಕೆಲವು ಗೆಳೆಯರು ಬರ್ತಾರೆ ಅಂತ ಗೊತ್ತು: ಸೈನ್ಸನ್ನೇ ಕನ್ನಡದಲ್ಲಿ ಕಲಿಸಿ, 2017ರಿಂದ ನೀಟ್ ಕನ್ನಡದಲ್ಲೂ ಬರೆಯಬಹುದಲ್ಲ ಅಂತ. ಕಲಿಸೋಣ, ನಾನು ದಿನಾ ಲ್ಯಾಬಿನಲ್ಲಿ ಮಾಡುವುದೂ ಅದನ್ನೇ. ಆದರೆ ಈ ಹುಡುಗಿ ಎಂ.ಎಸ್ಸಿಗೆ ಅಂತ ಐಐಟಿ ಜ್ಯಾಮ್ ಬರೆಯಲು ಕೂತರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತೆ. ಸಂಶೋಧನೆಗೆ, ಲೆಕ್ಚರರ್ ಆಗೋಕೆ ಬರೆಯುವ ಸಿಎಸ್‌ಐಆರ್ ನೆಟ್ ಆದರೆ ಇಂಗ್ಲಿಷ್ ಮತ್ತು ಹಿಂದಿ. ಅವಳ ಮೂರು ವರ್ಷ ನಮ್ಮ ಚರ್ಚೆ ಮುಗಿಯೋವರೆಗೆ ಕಾಯಲ್ಲ. 1918ರಲ್ಲೇ 'ವಿಜ್ಞಾನ' ಅನ್ನುವ ಕನ್ನಡ ಮಾಸಪತ್ರಿಕೆಗೆ ದುಡಿದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ಪಂಪನ ಕಾವ್ಯವನ್ನೂ ಸಂಪಾದಿಸಿದರು. ಎರಡು ಭಾಷೆಯಲ್ಲೂ ಗಟ್ಟಿಯಾಗಿ ನಿಂತಿದ್ದರಿಂದಲೇ ಇಂಗ್ಲಿಷಿನಲ್ಲಿದ್ದ ವಿಜ್ಞಾನವನ್ನು ಕನ್ನಡಕ್ಕೆ ತರಲು ಆಯ್ತು.

ಇನ್ನೊಂದು ಒಪ್ಪಿಕೊಳ್ಳಬೇಕು. ಸಿಲೆಬಸ್ ಮುಗಿದಿಲ್ಲ ಅಂತ ಎಷ್ಟೋ ಸಲ ಇಂಗ್ಲಿಷ್ ಮೇಡಂ ಹತ್ತಿರ ಪೀರಿಯಡ್ ಕೇಳಿ ಇಸ್ಕೊಂಡಿದ್ದೇನೆ. "ಲ್ಯಾಂಗ್ವೇಜ್ ತಾನೇ, ಮನೇಲಿ ಓದ್ಕೋತಾರೆ ಬಿಡಿ" ಅಂದವನು ನಾನೇ. ಮಕ್ಕಳು ಆ ಮಾತು ಬೇರೆಲ್ಲಿಂದ ಕಲಿಯಬೇಕಿತ್ತು?

ಮುಂದಿನ ಸೆಮಿಸ್ಟರಿನಿಂದ ನನ್ನ ಲ್ಯಾಬಿನಲ್ಲಿ ಸೀನಿಯರ್ ರೆಕಾರ್ಡ್ ಬರಕೂಡದು. ಮಾಡಿದ್ದನ್ನು ಮಕ್ಕಳು ತಮ್ಮದೇ ನಾಲ್ಕು ಇಂಗ್ಲಿಷ್ ವಾಕ್ಯದಲ್ಲಿ ಬರೆಯಲಿ, ವ್ಯಾಕರಣ ತಪ್ಪಿದರೂ ಸಹಿ ಹಾಕ್ತೀನಿ. ಸಂಜೆ ಮೇಡಂಗೆ ಫೋನ್ ಮಾಡಿ, ವಾರಕ್ಕೊಂದು ದಿನ ಲ್ಯಾಬಿಗೆ ಬಂದು ಮಕ್ಕಳ ಜೊತೆ ನಿಲ್ತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಏಪ್ರನ್ ಹಾಕ್ಕೊಂಡು ಬರಬೇಕಾ ಸಾರ್?" ಅಂದರು.