ಒಂಬತ್ತು ಚೀಲದ ಗಾಲಿ

ಮನೆಗೆ ಹೊಸ ಟಿ.ವಿ. ತಂದರೆ ಪಕ್ಕದ ಮನೆಯವರು ನೋಡಲು ಬರುತ್ತಾರೆ. ಹೊಸ ಸೋಫಾ ತಂದರೆ ಕುಳಿತೇ ನೋಡುತ್ತಾರೆ. ಅಷ್ಟೇ ದುಡ್ಡು ಸುರಿದು ಕಾರಿಗೆ ನಾಲ್ಕು ಹೊಸ ಟೈರ್ ಹಾಕಿಸಿಕೊಂಡು ಬನ್ನಿ, ಓಣಿಯಲ್ಲಿ ಒಬ್ಬರೂ ಕೇಳುವುದಿಲ್ಲ. ಬೀದಿನಾಯಿಯೊಂದು ಬಂದು ಮೂಸಿ, ತನ್ನ ಹಳೆಯ ಗುರುತು ಅಳಿಸಿಹೋದದ್ದನ್ನು ಕಂಡು, ಹೊಸದಾಗಿ ದಾಖಲಿಸಿ ಹೋಗುತ್ತದೆ. ಇಷ್ಟು ಮರ್ಯಾದೆಗೆಟ್ಟ ಖರ್ಚು ಸಂಸಾರದಲ್ಲಿ ಇನ್ನೊಂದಿಲ್ಲ. (ಮಾಳಿಗೆಯ ಮೇಲಿನ ನೀರಿನ ಟ್ಯಾಂಕ್ ತೊಳೆಸುವುದು ಸಮೀಪಕ್ಕೆ ಬರುತ್ತದೆ, ಆದರೆ ಅದು ಅಗ್ಗ.)

ಆದ್ದರಿಂದ ಟೈರ್ ಬದಲಿಸುವ ಮಾತು ಯಾವ ಮನೆಯಲ್ಲೂ ತಾನಾಗಿ ಏಳುವುದಿಲ್ಲ, ಮಳೆಯೇ ಎಬ್ಬಿಸಬೇಕು. ಮುಂಗಾರಿನ ಮೊದಲ ಹನಿಗಳು ಹುಬ್ಬಳ್ಳಿಯ ಧೂಳನ್ನು ನೆನೆಸಿ, ಡಾಂಬರಿನ ಮೇಲೆ ತೆಳ್ಳಗೆ ಕೆಸರು ಬಳಿದ ದಿನ ಉಣಕಲ್ ಕೆರೆಯ ಬಳಿ ಬ್ರೇಕ್ ಒತ್ತಿದರೆ, ಗಾಡಿ ನಿಂತಂತೆ ಮಾಡಿ ಇನ್ನೊಂದು ಮಾರು ಮುಂದೆ ಜಾರುತ್ತದೆ. ಅಲ್ಲಿಯವರೆಗೆ ‘ಇನ್ನೊಂದು ವರ್ಷ ಓಡುತ್ತದೆ’ ಎನ್ನುತ್ತಿದ್ದ ಯಜಮಾನ ಆಗ ಕೆಳಗಿಳಿದು, ಬಗ್ಗಿ, ಗಾಲಿ ನೋಡುತ್ತಾನೆ. ಏನನ್ನು ನೋಡಬೇಕು ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಮೇಲಿನ ರಬ್ಬರ್ ಸವೆದು ಈ ದಿಬ್ಬಗಳ ಮಟ್ಟಕ್ಕೆ ಇಳಿದರೆ ಕಾನೂನಿನ ಪ್ರಕಾರ ಟೈರಿನ ಆಯುಷ್ಯ ಮುಗಿಯಿತು. ನಮ್ಮ ಕಡೆ ಮಾತ್ರ ಅದರ ನಂತರವೂ ಒಳಗಿನ ತಂತಿ ಕಾಣುವವರೆಗೆ ಒಂದು ವಾನಪ್ರಸ್ಥಾಶ್ರಮ ಬಾಕಿ ಇರುತ್ತದೆ.

ಗೋಕುಲ ರಸ್ತೆಯಲ್ಲಿ ನಾವು ಹೋಗುವ ಅಂಗಡಿಯವನು ಹಳೆಯ ಟೈರನ್ನು ಜಾತಕದಂತೆ ಓದುತ್ತಾನೆ. ಗಾಲಿ ಬಿಚ್ಚಿ ನೆಲಕ್ಕೆ ನಿಲ್ಲಿಸಿ, ಅಂಗೈಯನ್ನು ಮೊದಲು ಒಳಗಿನಿಂದ ಹೊರಕ್ಕೆ, ಆಮೇಲೆ ಹೊರಗಿನಿಂದ ಒಳಕ್ಕೆ ಎಳೆಯುತ್ತಾನೆ. ಹೋಗುವಾಗ ನುಣುಪು, ಬರುವಾಗ ಗರಗಸ. ನನ್ನ ಕೈಯನ್ನೂ ಹಿಡಿದು ಎಳೆಸಿದ. ನಿಜವಾಗಿಯೂ ಗೀರುಗಳ ನಡುವಿನ ಒಂದೊಂದು ರಬ್ಬರ್ ಗಡ್ಡೆಯ ಅಂಚೂ ಒಂದೇ ದಿಕ್ಕಿಗೆ ಚೂಪಾಗಿತ್ತು. ಗಾಲಿ ನೆಟ್ಟಗೆ ಉರುಳದೆ ಓರೆಯಾಗಿ ತಿಕ್ಕಿಕೊಂಡು ಹೋದರೆ ಹೀಗಾಗುತ್ತದಂತೆ. ಟೈರ್ ನಡುವೆ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಒಂದೇ ಅಂಚನ್ನು ಇಲಿ ತಿಂದಂತಿದ್ದರೆ ಅಲೈನ್‌ಮೆಂಟ್, ಅಂದರೆ ಗಾಲಿಗಳ ನೇರ, ಕೆಟ್ಟಿದೆ. ಗೀರಿನಲ್ಲಿ ಸಿಕ್ಕಿಕೊಂಡಿದ್ದ ಹರಳುಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸುತ್ತ, ರಿಮ್ಮಿನ ಒಳಮಗ್ಗುಲಿಗೆ ಮೆತ್ತಿ ಒಣಗಿದ್ದ ಕಪ್ಪು ಮಣ್ಣನ್ನು ಉಗುರಿನಿಂದ ಕೆರೆದು, ‘ಅಣ್ಣಿಗೇರಿ ಕಡೆಯ ಎರೆ. ಹೊಲ ಇದೆಯಲ್ಲವೇ ಸರ್?’ ಎಂದ. ಇತ್ತು.

ಹಳೆಯ ಟೈರ್ ಗಾಡಿ ಎಲ್ಲೆಲ್ಲಿಗೆ ಹೋಗಿತ್ತು ಎಂಬುದನ್ನು ಮುಲಾಜಿಲ್ಲದೆ ಹೇಳುತ್ತದೆ. ಹೊಸ ಟೈರನ್ನು ಮಾತ್ರ, ಗಾಡಿ ಎಲ್ಲೆಲ್ಲಿಗೆ ಹೋಗಬೇಕೆಂದು ಮನೆಯವರು ಕನಸು ಕಾಣುತ್ತಾರೋ ಅದಕ್ಕೆ ತಕ್ಕಂತೆ ಆರಿಸುತ್ತಾರೆ. ನಮ್ಮ ಮನೆಯಲ್ಲಿ ಕನಸುಗಾರರು ಮೂವರು.

ಮಗನ ಕನಸು ಹಿಮಾಲಯದ್ದು. ಎಸ್‌ಯುವಿ ಎಂದರೆ ಅವನ ಪ್ರಕಾರ ಬಂಡೆ ಹತ್ತಬೇಕು, ಹೊಳೆ ದಾಟಬೇಕು. ಟೈರಿನಲ್ಲಿ ಮೂರು ಬಗೆ: ಹೆದ್ದಾರಿಗೆ ಎಚ್‌ಟಿ, ರಸ್ತೆಗೂ ಕಚ್ಚಾ ದಾರಿಗೂ ಎಟಿ, ಬರೀ ಕೆಸರಿಗೆ ಎಂಟಿ. ಮಗನಿಗೆ ಎಟಿ ಬೇಕು, ಅದೂ ಬಿಳಿಯ ಅಕ್ಷರಗಳು ಉಬ್ಬಿ ಕಾಣುವಂಥದ್ದು. ಅಂಗಡಿಯವನು ಒಂದನ್ನು ಉರುಳಿಸಿ ತಂದು ತೋರಿಸಿದ. ದಪ್ಪ ದಪ್ಪ ಗಡ್ಡೆಗಳು, ನಡುವೆ ಬೆರಳು ಹೋಗುವಷ್ಟು ಸಂದು, ಅಂಚಿನಲ್ಲೂ ಹಲ್ಲು. ನೋಡಲು ಗಂಭೀರವಾಗಿತ್ತು, ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಗಾಡಿಯ ಹಿಮಾಲಯವೆಂದರೆ ಶನಿವಾರದ ನುಗ್ಗಿಕೇರಿ ಹನುಮಪ್ಪ, ಗದಗ-ಹಾವೇರಿಯ ಮದುವೆಗಳು, ಬೇಸಿಗೆಯಲ್ಲೊಮ್ಮೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಗೋಕರ್ಣ. ಉಳಿದ ದಿನವೆಲ್ಲ ಹುಬ್ಬಳ್ಳಿ-ಧಾರವಾಡ, ಧಾರವಾಡ-ಹುಬ್ಬಳ್ಳಿ. ನವನಗರ ದಾಟುವುದೇ ಸಾಹಸ.

ಹೆಂಡತಿಯ ಕನಸು ಚಿಕ್ಕದು, ದುಬಾರಿ: ಸದ್ದಿಲ್ಲದಿರಬೇಕು. ಎಟಿ ಟೈರಿನ ಗಡ್ಡೆಗಳ ನಡುವಿನ ಗಾಳಿ ಡಾಂಬರಿಗೆ ಬಡಿದು ಗುಂಯ್‌ಗುಡುತ್ತದೆ, ಎಣ್ಣೆಯೂ ತುಸು ಹೆಚ್ಚು ಕುಡಿಯುತ್ತದೆ, ಒದ್ದೆ ಡಾಂಬರಿನ ಮೇಲೆ ಹಿಡಿತ ಸಾಮಾನ್ಯವಾಗಿ ಹೆದ್ದಾರಿ ಟೈರಿಗಿಂತ ಕಡಿಮೆ. ಅವಳು ಇದನ್ನು ಎಲ್ಲೂ ಓದಿದವಳಲ್ಲ. ಸಹೋದ್ಯೋಗಿಯ ಜೀಪಿನಲ್ಲಿ ಒಮ್ಮೆ ಬೆಳಗಾವಿಗೆ ಹೋಗಿ ಬಂದವಳು. ‘ದಾರಿಯುದ್ದಕ್ಕೂ ಹಿಟ್ಟಿನ ಗಿರಣಿಯಲ್ಲಿ ಕುಳಿತ ಹಾಗಾಯಿತು’ ಎಂದು ತೀರ್ಪು ಕೊಟ್ಟಳು. ಮಗ ಕೊನೆಯ ಬಾಣ ಬಿಟ್ಟ: ‘ಅಪ್ಪಾ, ಮಳೆಗಾಲದಲ್ಲಿ ಹೊಲಕ್ಕೆ ಹೋಗುವಾಗ?’

ಇದಕ್ಕೆ ಉತ್ತರ ಕೊಟ್ಟವರು ನಮ್ಮಪ್ಪ. ಎರೆಯನ್ನು ಬಲ್ಲವರು ಅವರೊಬ್ಬರೇ. ನವಲಗುಂದ, ಅಣ್ಣಿಗೇರಿ, ಗದಗಿನ ಆ ಕಪ್ಪು ನೆಲ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಒಂದು ಮಳೆ ಬಿದ್ದರೆ ಅಂಟಾಗುತ್ತದೆ. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಮನುಷ್ಯ ನಾಲ್ಕು ಬೆರಳು ಎತ್ತರವಾಗುತ್ತಾನೆ. ಟೈರಿನ ಗತಿಯೂ ಅದೇ. ಎಂಥ ಹಲ್ಲಿನ ಟೈರ್ ಇರಲಿ, ನಾಲ್ಕು ಸುತ್ತಿನಲ್ಲಿ ಸಂದುಗಳೆಲ್ಲ ತುಂಬಿ, ಗಾಲಿ ಕರಿ ಉಂಡೆಯಾಗಿ, ಮಡ್‌ಗಾರ್ಡಿಗೆ ತಗುಲಿ ನಿಲ್ಲುತ್ತದೆ. ‘ಎರೆಯಲ್ಲಿ ಮಳೆಯಾದರೆ ಎರಡು ದಿನ ಮನೆಯಲ್ಲಿ ಕೂಡಬೇಕು. ಅದಕ್ಕೆ ಟೈರ್ ಬೇಡ, ಹಾಸಿಗೆ ಸಾಕು’ ಎಂದರು ಅಪ್ಪ. ಎಟಿ ಟೈರ್ ಉರುಳಿಕೊಂಡು ಒಳಗೆ ಹೋಯಿತು.

ಅಪ್ಪನದು ಬೇರೆಯೇ ಕಾಲದ ಗಾಲಿ. ಚಕ್ಕಡಿಗೆ ಹಳಿ ಕಟ್ಟುವುದನ್ನು ಕಂಡವರು. ಗಾಲಿಗಿಂತ ಕೂದಲಷ್ಟು ಸಣ್ಣ ಅಳತೆಯ ಕಬ್ಬಿಣದ ಬಳೆ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಇಬ್ಬರು ಮೂವರು ಇಕ್ಕಳದಲ್ಲಿ ಹಿಡಿದು ಕಟ್ಟಿಗೆಯ ಗಾಲಿಯ ಮೇಲೆ ಕೂಡಿಸಿ ಕೊಡದಿಂದ ನೀರು ಸುರಿದರೆ, ಹೊಗೆಯೊಂದಿಗೆ ಕಬ್ಬಿಣ ಕುಗ್ಗಿ, ಅರಗಳೆಲ್ಲ ಕಿರುಗುಟ್ಟುತ್ತ ಬಿಗಿಯುತ್ತವೆ. ಆಮೇಲೆ ಬಿಚ್ಚುವ ಮಾತಿಲ್ಲ. ಅಂಥದ್ದನ್ನು ಕಂಡವರಿಗೆ ಗಾಳಿ ತುಂಬಿದ ಗಾಲಿಯ ಮೇಲೆ ಪೂರ್ತಿ ನಂಬಿಕೆ ಬರುವುದು ಕಷ್ಟ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬಾತ, ಕುಲುಕಾಟ ತಪ್ಪಲೆಂದು ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿಯ ಟೈರ್ ಕಟ್ಟಿದ. ಅವನು ದನದ ಡಾಕ್ಟರಾಗಿದ್ದ ಎಂದು ಹೇಳಿದ ಮೇಲೆ ಅಪ್ಪ ಸ್ವಲ್ಪ ಮೆತ್ತಗಾದರು. ನಾನು ನನ್ನ ಮಗನ ಮುಖ ನೋಡಿದೆ. ಆ ಮಗನಿಗೆ ಕುಲುಕಾಟ ಬೇಡವಾಗಿತ್ತು, ಈ ಮಗನಿಗೆ ದುಡ್ಡು ಕೊಟ್ಟಾದರೂ ಬೇಕು.

‘ವಿಕ್ರಾಂತ ಇದೆಯೇನಪ್ಪ?’ ಎಂಬುದು ಅಪ್ಪನ ಮೊದಲ ಪ್ರಶ್ನೆ. ಮೈಸೂರಿನ ವಿಕ್ರಾಂತ ಟೈರ್ಸ್ ರಾಜ್ಯ ಸರಕಾರದ್ದಾಗಿತ್ತು. ಟ್ರ್ಯಾಕ್ಟರಿನ ಕಾಲದಿಂದ ಅದು ಅವರ ಪಾಲಿಗೆ ಮನೆಯ ಟೈರ್. ‘ಅಜ್ಜಾರೇ, ಅದನ್ನು 1997ರಲ್ಲೇ ಜೆ.ಕೆ.ಯವರು ತೆಗೆದುಕೊಂಡರು’ ಎಂದ ಅಂಗಡಿಯವನು. ಎಂ.ಆರ್.ಎಫ್. ಹೆಸರು ಬಂದಾಗ ಅಪ್ಪನಿಗೆ ನೆನಪಾದದ್ದು ಬ್ಯಾಟು. ಓಣಿಯ ಹುಡುಗರು ಹಲಗೆ ಕೆತ್ತಿ, ಅದರ ಮೇಲೆ ಕೆಂಪು ಪೆನ್ನಿನಲ್ಲಿ ಆ ಮೂರಕ್ಷರ ಬರೆದುಕೊಳ್ಳುತ್ತಿದ್ದುದನ್ನು ನಾನೂ ನೋಡಿದ್ದೇನೆ. ಆ ಕಂಪನಿ 1946ರಲ್ಲಿ ಮದರಾಸಿನಲ್ಲಿ ಮಕ್ಕಳ ಬಲೂನು ಮಾಡುತ್ತ ಶುರುವಾಯಿತು ಎಂಬುದನ್ನು ಅಪ್ಪನಿಗೆ ಹೇಳಲು ಹೋಗಲಿಲ್ಲ. ಮೊದಲೇ ಗಾಳಿಯ ಮೇಲೆ ಸಂಶಯ.

ಆಮೇಲೆ ಅಂಕಿಗಳ ಸರದಿ. ಟೈರಿನ ಮಗ್ಗುಲಲ್ಲಿ ಬರೆದಿರುತ್ತದೆ: 235/65 ಆರ್ 17, 104 ಎಚ್. ಅಗಲ 235 ಮಿಲಿಮೀಟರ್, ಮಗ್ಗುಲಿನ ಎತ್ತರ ಅದರ ಶೇಕಡಾ 65, ಆರ್ ಎಂದರೆ ರೇಡಿಯಲ್ (ಒಳಗಿನ ನೂಲು ಅಂಚಿನಿಂದ ಅಂಚಿಗೆ ಅಡ್ಡಲಾಗಿರುವ ಬಗೆ), ರಿಮ್ಮಿನ ವ್ಯಾಸ 17 ಇಂಚು. ಕೊನೆಯ ಎಚ್ ವೇಗದ ಗುರುತು, ಗಂಟೆಗೆ 210 ಕಿಲೋಮೀಟರ್ ತಡೆಯುತ್ತದೆ. ಆ ಲೆಕ್ಕದಲ್ಲಿ ಹುಬ್ಬಳ್ಳಿ ಬಿಟ್ಟ ಹದಿನೇಳು ನಿಮಿಷಕ್ಕೆ ಗದಗಿನ ವೀರನಾರಾಯಣನ ಗುಡಿಯ ಮುಂದೆ ಇಳಿಯಬಹುದು. ‘ಅಷ್ಟು ಬೇಗ ಹೋಗಿ ಮಾಡುವುದೇನು?’ ಎಂದರು ಅಪ್ಪ. ಅವರ ಕಣ್ಣು 104ರ ಮೇಲಿತ್ತು. ಅದು ಭಾರದ ಸಂಕೇತ, ಒಂದು ಟೈರ್ 900 ಕಿಲೋ ಹೊರುತ್ತದೆ ಎಂದು ಅಂಗಡಿಯವನು ವಿವರಿಸಿದ. ಅಪ್ಪ ಒಂದು ಕ್ಷಣವೂ ತಡೆಯಲಿಲ್ಲ.

‘ಒಂಬತ್ತು ಚೀಲ ಜೋಳ.’

‘ಹೌದು ಅಜ್ಜಾರೇ.’

‘ಒಂದು ಗಾಲಿಗೆ ಒಂಬತ್ತು. ನಾಲ್ಕಕ್ಕೆ ಮೂವತ್ತಾರು.’

‘ಅದರಲ್ಲಿ ಗಾಡಿಯ ತೂಕವೂ ಬಂತಲ್ಲ. ಗಾಡಿಯೇ ಹದಿನೆಂಟು ಚೀಲದಷ್ಟಿದೆ.’

‘ಹಾಗಾದರೆ ಹದಿನೆಂಟು ಚೀಲ ಹೇರಬಹುದು.’

ಅಂಗಡಿಯವನು ಗಾಬರಿಯಾಗಿ, ಟೈರ್ ಹೊತ್ತರೂ ಸ್ಪ್ರಿಂಗು, ಆಕ್ಸಲ್, ಬ್ರೇಕ್ ಹೊರಬೇಕಲ್ಲ, ಗಾಡಿಯ ಮಿತಿ ಬೇರೆಯೇ ಇರುತ್ತದೆ ಎಂದೆಲ್ಲ ಹೇಳಿದ. ಅಪ್ಪ ಕೇಳಿಸಿಕೊಂಡರು. ಚೌಕಾಸಿಯ ಮೊದಲ ಮಾತೆಂದು ತಿಳಿದಿರಬೇಕು.

ಬೆಲೆಯ ವಿಷಯ ಹೆಚ್ಚು ಬೆಳೆಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದದ್ದು ಸಮಾಧಾನದ ಸಂಗತಿ. ಟ್ರ್ಯಾಕ್ಟರ್ ಟೈರಿಗೆ ಐದೇ ಎಂದು ಗೊತ್ತಾದ ಮೇಲೆ ಅಪ್ಪ ನಮ್ಮ ಗಾಡಿಯನ್ನು ಟ್ರ್ಯಾಕ್ಟರ್ ಎಂದು ಬರೆಯಲಾಗದೇ ಎಂದು ಕೇಳಿದರು. ಎರಡೇ ಟೈರ್ ಹಾಕಿಸಿ ಎರಡನ್ನು ಮುಂದಿನ ವರ್ಷಕ್ಕೆ ದೂಡೋಣವೆಂಬ ಮಾತೂ ಬಂತು. ಹಾಗೆ ಮಾಡುವವರು ಹೊಸ ಜೋಡಿಯನ್ನು ಮುಂದಕ್ಕೆ ಹಾಕಿಸುತ್ತಾರೆ, ಸ್ಟಿಯರಿಂಗ್ ಇರುವುದು ಅಲ್ಲಿ ತಾನೇ ಎಂದು. ಟೈರ್ ತಯಾರಕರು ಹಿಂದಕ್ಕೆ ಹಾಕಿಸಿ ಎನ್ನುತ್ತಾರೆ. ಒದ್ದೆ ರಸ್ತೆಯಲ್ಲಿ ಮುಂದಿನ ಗಾಲಿ ಜಾರಿದರೆ ಗಾಡಿ ನೆಟ್ಟಗೆ ಜಾರುತ್ತದೆ, ವೇಗ ತಗ್ಗಿಸಿ ಹಿಡಿತಕ್ಕೆ ತರಬಹುದು. ಹಿಂದಿನದು ಜಾರಿದರೆ ಗಾಡಿಯ ಬಾಲವೇ ಮುಂದೆ ಬರುತ್ತದೆ. ಅರಬೈಲಿನ ತಿರುವುಗಳು ನೆನಪಾಗಿ ಹೆಂಡತಿ ನಾಲ್ಕನ್ನೂ ಹಾಕಿಸಿಬಿಡಿ ಎಂದಳು. ನನ್ನ ಮತವೂ ಅದೇ ಇತ್ತು, ಕೇಳುವವರಿರಲಿಲ್ಲ.

ಒಂದನ್ನು ಮಾತ್ರ ಯಾರೇ ಆಗಲಿ ಬಿಡದೆ ನೋಡಬೇಕು. ಮಗ್ಗುಲಲ್ಲಿ ಸಣ್ಣ ಉದ್ದುಂಡೆಯ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 1425 ಎಂದಿದ್ದರೆ 2025ರ ಹದಿನಾಲ್ಕನೆಯ ವಾರ ಹುಟ್ಟಿದ ಟೈರ್. ಸಂತೆಯಲ್ಲಿ ಬದನೆಕಾಯಿಯ ತೊಟ್ಟು ನೋಡಿ, ಒತ್ತಿ, ಮೂಸಿ ಕೊಳ್ಳುವ ನಮ್ಮ ಜನ ಇಲ್ಲಿ ಮಾತ್ರ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ. ಡಿಕ್ಕಿಯಲ್ಲಿ ಒಮ್ಮೆಯೂ ನೆಲ ಮುಟ್ಟದೆ ಮಲಗಿರುವ ಸ್ಟೆಪ್ನಿಯ ಜನ್ಮದಿನವನ್ನೂ ಅದೇ ಜಾಗದಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಮೈಮೇಲೆ ಅಚ್ಚಿನ ರಬ್ಬರ್ ಮುಳ್ಳುಗಳೆಲ್ಲ ಹಾಗೇ ಇದ್ದರೂ ವಯಸ್ಸು ಆಗಿಯೇ ಇರುತ್ತದೆ.

ನೈಟ್ರೋಜನ್ ಗಾಳಿ ಹಾಕಲೇ ಎಂದು ಕೇಳಿದ ಅಂಗಡಿಯ ಹುಡುಗನಿಗೆ, ಅದಕ್ಕೆ ಬೇರೆ ರೊಕ್ಕ ಎಂದು ಗೊತ್ತಾದ ಕೂಡಲೇ ಅಪ್ಪ ಕೈ ಅಡ್ಡ ಹಿಡಿದರು. ಸಾದಾ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇರುತ್ತದೆ ಎಂದು ಮಗ ಅಜ್ಜನ ಪರ ವಹಿಸಿದ. ಆ ಮಧ್ಯಾಹ್ನ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನಕ್ಕೆ ಹೋಗಿ ಎಂದು ಹುಡುಗ ಎಚ್ಚರಿಸುತ್ತಿರುವಾಗಲೇ, ಹೆಂಡತಿ ಚೀಲದಿಂದ ಲಿಂಬೆಹಣ್ಣು ತೆಗೆದು ನಾಲ್ಕೂ ಗಾಲಿಯ ಕೆಳಗೆ ಇಟ್ಟಾಗಿತ್ತು.

ಹಳೆಯ ಟೈರುಗಳಿಗೆ ಅಂಗಡಿಯವನು ಕೊಡಲು ಬಂದ ಚಿಲ್ಲರೆ ಹಣವನ್ನು ಅಪ್ಪ ನಿರಾಕರಿಸಿ, ನಾಲ್ಕನ್ನೂ ಊರಿಗೆ ಸಾಗಿಸಿದರು. ಹೊಟ್ಟಿನ ಬಣವೆಗೆ ಹೊದಿಸಿದ ತಾಡಪಾಲು ಗಾಳಿಗೆ ಹಾರದಂತೆ ಮೂರನ್ನು ಮೇಲೆ ಹೇರಿದರು, ಇನ್ನೊಂದನ್ನು ಕರುವಿಗೆ ಗ್ವಾದಲಿ ಮಾಡುವ ಆಲೋಚನೆಯಿಂದ ಹಿತ್ತಲಲ್ಲಿ ಇಟ್ಟರು. ಮಳೆ ಹಿಡಿದ ಮೇಲೆ ಆಶಾ ಕಾರ್ಯಕರ್ತೆ ಬಂದು, ಟೈರಿನೊಳಗೆ ನಿಂತ ನೀರಿಗೆ ಬ್ಯಾಟರಿಯ ಬೆಳಕು ಬಿಟ್ಟು, ಕುಣಿಯುತ್ತಿದ್ದ ಮರಿಹುಳುಗಳನ್ನು ಅಪ್ಪನಿಗೇ ತೋರಿಸಿದಳು. ಡೆಂಗಿ ತರುವ ಸೊಳ್ಳೆಗೆ ಇಂಥ ತಿಳಿನೀರೇ ಇಷ್ಟ. ‘ಕಾಕಾ, ಒಂದೋ ಇವನ್ನು ತೆಗೆಯಿರಿ, ಇಲ್ಲವೇ ತಳದಲ್ಲಿ ತೂತು ಹಾಕಿಸಿರಿ’ ಎಂದು ಹೇಳಿ ಪುಸ್ತಕದಲ್ಲಿ ಬರೆದುಕೊಂಡು ಹೋದಳು.

ಅಪ್ಪ ಬಡಿಗೇರನ ಡ್ರಿಲ್ ತರಿಸಿ, ತಾವೇ ಕುಳಿತು ಟೈರಿನ ಮಗ್ಗುಲಿಗೆ ಹಚ್ಚಿದರು. ಉಕ್ಕಿನ ತಂತಿ ಇರುವುದು ನೆಲಕ್ಕೆ ತಾಗುವ ಭಾಗದಲ್ಲಿ ಮತ್ತು ರಿಮ್ಮಿಗೆ ಕೂಡುವ ಅಂಚಿನಲ್ಲಿ. ಮಗ್ಗುಲಲ್ಲಿ ಇರುವುದು ರಬ್ಬರು ಮತ್ತು ನೂಲು. ಡ್ರಿಲ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಅವರು ಅದನ್ನು ಹೊರಗೆಳೆದು, ತೂತಿನೊಳಗೆ ಕಿರುಬೆರಳು ಹಾಕಿ ನೋಡಿ, ನನ್ನ ಕಡೆ ತಿರುಗಿದರು.

‘ಇದಕ್ಕೆ ಒಂಬತ್ತು ಚೀಲ ಹೊರಿಸಿದನಲ್ಲ, ಅವನಿಗೆ ಈಗಲೇ ಫೋನ್ ಹಚ್ಚು.’