ಉಪ್ಪಿನಕಾಯಿ ಸಿಕ್ಕಿತು, ಅಡಕತ್ತರಿ ಸಿಗಲಿಲ್ಲ

ಅಮ್ಮನಿಗೆ ಈಗ ಎಪ್ಪತ್ತೊಂದು. ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷವಾಯಿತು, ಒಳಗೆ ಲೋಹದ ಕೀಲುಗಳಿವೆ. ಹೋದ ತಿಂಗಳು ದೆಹಲಿಯಲ್ಲಿರುವ ತಂಗಿಯ ಮನೆಗೆ ಅವಳನ್ನು ಕರೆದುಕೊಂಡು ಹೊರಟಿದ್ದೆ. ಅವಳಿಗೆ ಅದು ಮೊದಲ ವಿಮಾನ ಪ್ರಯಾಣ. ಹೊರಟದ್ದು ಯಾವ ನಿಲ್ದಾಣದಿಂದ ಎಂದು ಹೇಳುವುದಿಲ್ಲ, ಅದು ನಮ್ಮ ನಾಡಿನದೇ ಎಂದಷ್ಟು ಹೇಳಿದರೆ ಸಾಕು.

ಭದ್ರತಾ ತಪಾಸಣೆಯಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ನಾವಿಬ್ಬರೂ ಬೇರೆಯಾದೆವು. ನಾನು ಈ ಕಡೆ ಎರಡೂ ಕೈ ಅಗಲಿಸಿ ನಿಂತಿದ್ದೆ. ಆ ಕಡೆ ಅಮ್ಮ ಮೆಟಲ್ ಡಿಟೆಕ್ಟರ್ ಚೌಕಟ್ಟನ್ನು ದಾಟಿದಳು, ಅದು ಕೂಗಿತು. ಯಾರೋ ಹಿಂದಿಯಲ್ಲಿ ಏನೋ ಕೇಳಿದರು. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದರು, ಈ ಸಲ ಇನ್ನಷ್ಟು ಜೋರಾಗಿ. ಅಮ್ಮ ನನಗಾಗಿ ಸುತ್ತ ನೋಡಿದಳು. ನಾನು ಕೂಗಿ ಹೇಳುವಷ್ಟರಲ್ಲಿ ಅವಳು ಬಗ್ಗಿ, ಸೀರೆಯ ಅಂಚನ್ನು ಹಿಡಿದು ಮಂಡಿಯವರೆಗೂ ಎತ್ತಿ, ಹೊಲಿಗೆಯ ಗುರುತನ್ನು ತೋರಿಸಿದಳು. ಸಾಲಿನಲ್ಲಿ ಕಡಿಮೆಯೆಂದರೂ ನಲವತ್ತು ಜನರಿದ್ದರು. ಆ ಗಾಯದ ಗೆರೆಯನ್ನು ಹೆತ್ತ ಮಕ್ಕಳಾದ ನಾವೇ ಸರಿಯಾಗಿ ನೋಡಿರಲಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವಾಗಲೂ ಕೋಣೆಯ ಬಾಗಿಲು ಹಾಕಿಕೊಳ್ಳುವವಳು ಅವಳು.

ಪರದೆಯ ಹಿಂದಿನಿಂದ ಒಬ್ಬ ಕಿರಿಯ ಮಹಿಳಾ ಸಿಬ್ಬಂದಿ ಓಡಿ ಬಂದರು. ತಾವೇ ಬಗ್ಗಿ ಸೀರೆಯನ್ನು ಕೆಳಗಿಳಿಸಿ, ಅಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಆ ಹುಡುಗಿಗೂ ಕನ್ನಡ ಬರುತ್ತಿರಲಿಲ್ಲ. ಆದರೂ ಅವರಿಗೆ ನಾನು ಋಣಿ.

ಇಷ್ಟರಲ್ಲಿ ಎಕ್ಸ್-ರೇ ಬೆಲ್ಟಿನ ಮೇಲೆ ಅಮ್ಮನ ಕೈಚೀಲವನ್ನು ಪಕ್ಕಕ್ಕೆ ತಳ್ಳಿದ್ದರು. ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ ಇತ್ತು, ತಂಗಿಗೆಂದು ಒಯ್ಯುತ್ತಿದ್ದದ್ದು. ಬಿಡುವುದಿಲ್ಲ ಎಂದರು. ನೀರಿನ ಬಾಟಲಿಯನ್ನು ಬಿಟ್ಟರು. ಏಕೆ ಎಂದು ಕೇಳಿದೆ. ರೂಲ್ಸ್ ಎಂದರು. ಜಾಡಿ ಕಸದ ಡಬ್ಬಿಗೆ ಹೋಯಿತು.

ಆ ಸಂಜೆ ದೆಹಲಿಯಲ್ಲಿ ಊಟವಾದ ಮೇಲೆ ಅಮ್ಮ ಎಲೆ ಅಡಿಕೆಯ ಸಂಚಿ ಬಿಚ್ಚಿ ಕುಳಿತಳು. ಸುಣ್ಣದ ಡಬ್ಬಿ ಬಂತು, ಬೀಗದ ಕೈ ಗೊಂಚಲು ಬಂತು, ಅವುಗಳ ಹಿಂದೆಯೇ ಅಡಕತ್ತರಿ ಬಂತು. ಅಜ್ಜಿಯ ಕಾಲದ ಕಬ್ಬಿಣದ ಅಡಕತ್ತರಿ, ಗೇಣುದ್ದದ್ದು, ಗೋಟಡಿಕೆಯನ್ನು ಒಂದೇ ಏಟಿಗೆ ಎರಡು ಹೋಳು ಮಾಡುವಂಥದ್ದು. ಉಪ್ಪಿನಕಾಯಿ ಇದ್ದ ಅದೇ ಚೀಲದಲ್ಲಿ, ಅದೇ ಯಂತ್ರದ ಮೂಲಕ ಹಾದು ಬಂದಿತ್ತು. ತಂಗಿ ನಕ್ಕಳು. ನನಗೆ ನಗು ಬರಲಿಲ್ಲ. ಆ ರಾತ್ರಿ ಬಹಳ ಹೊತ್ತು ನಿದ್ದೆಯೂ ಬರಲಿಲ್ಲ.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಒಂದೇ ಹತ್ತು ನಿಮಿಷದಲ್ಲಿ ಒಬ್ಬ ವೃದ್ಧೆಯ ಮಾನಕ್ಕೆ ಕುಂದಾಯಿತು, ಹರಿತವಾದ ಲೋಹದ ತುಂಡೊಂದು ವಿಮಾನ ಹತ್ತಿತು. ಇವೆರಡನ್ನೂ ನಾವು ಬೇರೆ ಬೇರೆ ದೂರುಗಳೆಂದು ನೋಡುತ್ತೇವೆ, ಒಂದು ಸೌಜನ್ಯದ ಪ್ರಶ್ನೆ, ಇನ್ನೊಂದು ಭದ್ರತೆಯ ಪ್ರಶ್ನೆ ಎಂದು. ಎರಡರ ಬೇರೂ ಒಂದೇ ಎಂದು ನನಗೆ ಈಗ ಖಚಿತವಾಗಿದೆ. ಅಲ್ಲಿ ಕೆಲಸ ಮಾಡುವವರಿಗೆ ನೋಡಲು ಪುರುಸೊತ್ತಿಲ್ಲ. ಎದುರಿಗಿರುವ ಮನುಷ್ಯರನ್ನೂ ನೋಡಲಾಗುತ್ತಿಲ್ಲ, ಚೀಲದ ಒಳಗಿರುವುದನ್ನೂ ನೋಡಲಾಗುತ್ತಿಲ್ಲ.

ಎಕ್ಸ್-ರೇ ಯಂತ್ರದ ಪರದೆಯ ಮುಂದೆ ಕುಳಿತವರ ಕೆಲಸ ಎಂಥದ್ದು ಎಂದು ಸ್ವಲ್ಪ ಯೋಚಿಸಿ. ಎಕ್ಸ್-ರೇ ಯಂತ್ರ ಸಾವಯವ ವಸ್ತುಗಳನ್ನು ಕಿತ್ತಳೆ ಬಣ್ಣದಲ್ಲಿ ತೋರಿಸುತ್ತದೆ, ಲೋಹವನ್ನು ನೀಲಿಯಲ್ಲಿ, ನಡುವಿನದ್ದನ್ನು ಹಸಿರಿನಲ್ಲಿ. ತಿಂಡಿ, ಬಟ್ಟೆ, ಸಾಬೂನು, ಪುಸ್ತಕ ಎಲ್ಲವೂ ಕಿತ್ತಳೆಯೇ. ಸ್ಫೋಟಕಗಳೂ ಹೆಚ್ಚಾಗಿ ಅದೇ ಬಣ್ಣ. ತುಪ್ಪದಲ್ಲಿ ಅದ್ದಿದಂತಿರುವ ಮೈಸೂರು ಪಾಕಿನ ಡಬ್ಬಿ ಗಟ್ಟಿಯಾದ ಕಿತ್ತಳೆ ಇಟ್ಟಿಗೆಯಂತೆ ಕಾಣುತ್ತದೆ, ಅದಕ್ಕೇ ಸಿಹಿ ಒಯ್ಯುವವರ ಚೀಲವನ್ನು ಅಷ್ಟು ಸಲ ತೆರೆಯಿಸುವುದು. ಅಮ್ಮನ ಸಂಚಿಯಲ್ಲಿ ಸುಣ್ಣದ ಡಬ್ಬಿ, ಬೀಗದ ಕೈ, ಅಡಕತ್ತರಿ ಒಂದರ ಮೇಲೊಂದು ಬಿದ್ದಿದ್ದವು, ಮೇಲೆ ನನ್ನ ಮೊಬೈಲ್ ಚಾರ್ಜರ್ ಬೇರೆ. ಪರದೆಯ ಮೇಲೆ ಅದೆಲ್ಲ ಕಲಸಿಹೋದ ಒಂದು ನೀಲಿ ಮುದ್ದೆಯಾಗಿ ಕಂಡಿರಬೇಕು. ಜಾಡಿ ಮಾತ್ರ ಜಾಡಿಯಾಗಿಯೇ ಕಂಡಿತು. ಸುಲಭವಾಗಿ ಕಾಣುವುದನ್ನು ಹಿಡಿದರು.

ಇದು ಆ ಒಬ್ಬರ ಅಸಡ್ಡೆ ಎಂದು ನಾನು ಹೇಳುವುದಿಲ್ಲ. ಅಪರೂಪಕ್ಕೆ ಸಿಗುವುದನ್ನು ಹುಡುಕುವಾಗ ಕಣ್ಣು ಸೋಲುತ್ತದೆ, ಅದು ಮನುಷ್ಯನ ಸ್ವಭಾವ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಪ್ರಯೋಗ ಪ್ರಕಟವಾಯಿತು. ಹುಡುಕಬೇಕಾದ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ ಶೇ 7ರಷ್ಟು ಸಲ ಮಾತ್ರ ಅದನ್ನು ಕಾಣದೆ ಹೋದರು. ಅದೇ ವಸ್ತು ನೂರಕ್ಕೆ ಒಂದು ಚಿತ್ರದಲ್ಲಿ ಮಾತ್ರ ಇದ್ದಾಗ ಶೇ 30ರಷ್ಟು ಸಲ ತಪ್ಪಿಸಿಕೊಂಡಿತು. ನಿಲ್ದಾಣದ ಪರದೆಯ ಮುಂದೆ ಕುಳಿತವರಿಗೆ ನಿಜವಾದ ಬಾಂಬು ನೂರಕ್ಕೆ ಒಂದಲ್ಲ, ಇಡೀ ಸೇವಾವಧಿಯಲ್ಲಿ ಒಂದೂ ಎದುರಾಗದಿರಬಹುದು. ಇದು ತಿಳಿದೇ ಯಂತ್ರಗಳಲ್ಲಿ ಒಂದು ಉಪಾಯ ಅಳವಡಿಸಿದ್ದಾರೆ. ಆಗಾಗ ಯಾರದೋ ಚೀಲದ ಚಿತ್ರದಲ್ಲಿ ಸುಳ್ಳು ಬಂದೂಕನ್ನೋ ಬಾಂಬನ್ನೋ ತೋರಿಸಿ, ಕುಳಿತವರು ಗುರುತಿಸುತ್ತಾರೆಯೇ ಎಂದು ಯಂತ್ರವೇ ಪರೀಕ್ಷಿಸುತ್ತದೆ. ಯುರೋಪಿನ ನಿಯಮದಂತೆ ಒಬ್ಬರು ಪರದೆಯನ್ನು ಒಂದೇ ಸಮನೆ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ನೋಡುವಂತಿಲ್ಲ, ಬಳಿಕ ಕನಿಷ್ಠ 10 ನಿಮಿಷ ಬಿಡುವು ಕೊಡಬೇಕು. ಎಷ್ಟು ಸರಳವಾದ ತಿಳಿವಳಿಕೆ! ಬೆಳಗಿನ ಐದು ಗಂಟೆಗೆ ಸಾಲು ಹೊರಗಿನವರೆಗೂ ಬೆಳೆದು, ವಿಮಾನ ತಪ್ಪುತ್ತದೆ ಎಂದು ಜನ ಕೂಗುತ್ತಿರುವಾಗ, ಪರದೆಯ ಮುಂದೆ ಇರುವವರ ಕಣ್ಣಿಗೆ ಬಿಡುವು ಸಿಗುವಷ್ಟು ಸಿಬ್ಬಂದಿ ಎಲ್ಲ ಕಡೆಯೂ ಇರಲೇಬೇಕು.

ಶ್ರೀಮಂತ ದೇಶಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅಮೆರಿಕದಲ್ಲಿ 2015ರಲ್ಲಿ ಒಂದು ಗುಪ್ತ ಪರೀಕ್ಷೆಯ ಫಲಿತಾಂಶ ಮಾಧ್ಯಮಕ್ಕೆ ಸೋರಿಕೆಯಾಯಿತು. ತನಿಖಾ ತಂಡದವರು ಪ್ರಯಾಣಿಕರ ವೇಷದಲ್ಲಿ ಆಯುಧಗಳನ್ನೂ ನಕಲಿ ಸ್ಫೋಟಕಗಳನ್ನೂ ಒಯ್ದಿದ್ದರು. 70 ಪ್ರಯತ್ನಗಳಲ್ಲಿ 67 ಸಲ ಸಿಕ್ಕಿಬೀಳದೆ ದಾಟಿದ್ದರು. ಅಲ್ಲಿನ ತಪಾಸಣಾ ಸಂಸ್ಥೆಯ ಹಂಗಾಮಿ ಮುಖ್ಯಸ್ಥರನ್ನು ಆ ಹುದ್ದೆಯಿಂದ ಬೇರೆಡೆಗೆ ಕಳುಹಿಸಿದರು. ಅಷ್ಟಾದರೂ ಆಯಿತು. ನಮ್ಮಲ್ಲಿಯೂ ಇಂಥ ಪರೀಕ್ಷೆಗಳ ಫಲಿತಾಂಶ ಕನಿಷ್ಠ ಸಂಸತ್ತಿನ ಸಮಿತಿಯ ಮುಂದೆ ಬರಬೇಕು, ವರ್ಷದಿಂದ ವರ್ಷಕ್ಕೆ ಸುಧಾರಿಸಿದೆಯೇ ಇಲ್ಲವೇ ಎಂಬುದನ್ನು ಜನರಿಗೆ ಹೇಳಬೇಕು. ಟಿಕೆಟಿನಲ್ಲಿ ಭದ್ರತಾ ಶುಲ್ಕವೆಂದೇ ಬೇರೆ ಹಣ ಕೊಡುವವರು ನಾವು.

ಹಾಗೆಂದು ತಪಾಸಣೆಯೇ ದಂಡ ಎನ್ನುವವರ ಜೊತೆ ನಾನಿಲ್ಲ. ಅವರು 1985ರಲ್ಲಿ ಏರ್ ಇಂಡಿಯಾದ ‘ಕನಿಷ್ಕ’ ವಿಮಾನಕ್ಕೆ ಆದ ದುರಂತವನ್ನು ಒಮ್ಮೆ ಓದಬೇಕು. ವ್ಯಾಂಕೂವರ್‌ನಲ್ಲಿ ಒಬ್ಬ ತನ್ನ ಸೂಟ್‌ಕೇಸನ್ನು ಮುಂದಿನ ವಿಮಾನಕ್ಕೂ ನೇರವಾಗಿ ಕಳುಹಿಸಬೇಕೆಂದು ಹಟ ಹಿಡಿದ. ಅವನ ಮುಂದಿನ ಟಿಕೆಟ್ ಖಚಿತವಾಗಿರಲಿಲ್ಲ, ಹಾಗಾಗಿ ಕೌಂಟರಿನ ಮಹಿಳೆ ಮೊದಲು ಒಪ್ಪಲಿಲ್ಲ. ಹಿಂದೆ ಉದ್ದನೆಯ ಸಾಲಿತ್ತು, ಅವನು ವಾದ ನಿಲ್ಲಿಸಲಿಲ್ಲ, ಕೊನೆಗೆ ಒಪ್ಪಿದರು. ಚೀಲ ಟೊರಾಂಟೊಗೆ ಹೋಯಿತು, ಅವನು ವಿಮಾನ ಹತ್ತಲಿಲ್ಲ. ಟೊರಾಂಟೊದಲ್ಲಿ ಚೀಲಗಳನ್ನು ನೋಡುತ್ತಿದ್ದ ಎಕ್ಸ್-ರೇ ಯಂತ್ರ ಅಂದು ನಡುವೆಯೇ ಕೆಟ್ಟುನಿಂತಿತು. ಉಳಿದ ಚೀಲಗಳನ್ನು ಕೈಯಲ್ಲಿ ಹಿಡಿಯುವ ಒಂದು ಉಪಕರಣದಿಂದ ತಪಾಸಣೆ ಮಾಡಿದರು. ಜೂನ್ 23ರಂದು ಐರ್ಲೆಂಡಿನ ಕಡಲ ಮೇಲೆ ವಿಮಾನ ಸಿಡಿದು 329 ಜನ ಸತ್ತರು. ಉದ್ದನೆಯ ಸಾಲು, ಕೆಟ್ಟ ಯಂತ್ರ, ಅವಸರ. ಆ ದುರಂತದ ನಂತರವೇ ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 1987ರಲ್ಲಿ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ-814 ವಿಮಾನವನ್ನು ಐವರು ಅಪಹರಿಸಿ ಕಂದಹಾರಕ್ಕೆ ಒಯ್ದ ಮೇಲೆ, ನಿಲ್ದಾಣಗಳ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. 2000ದ ಫೆಬ್ರವರಿಯಲ್ಲಿ ಜೈಪುರದಿಂದ ಅದು ಶುರುವಾಯಿತು. ಇವೆಲ್ಲ ರಕ್ತ ಕೊಟ್ಟು ಕಲಿತ ಪಾಠಗಳು.

ಆ ಪಡೆ ಎಂಥ ಕೆಲಸ ಮಾಡಬಲ್ಲದು ಎಂಬುದಕ್ಕೆ ನಮ್ಮ ಮಂಗಳೂರೇ ಸಾಕ್ಷಿ. 2020ರ ಜನವರಿ 20ರಂದು ಅಲ್ಲಿ ವಾರಸುದಾರರಿಲ್ಲದ ಒಂದು ಚೀಲವನ್ನು ಪಡೆಯ ಸಿಬ್ಬಂದಿ ಗಮನಿಸಿದರು. ಒಳಗೆ ಸ್ಫೋಟಕವಿತ್ತು. ಅದನ್ನು ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದರು. ಎರಡು ದಿನಗಳ ನಂತರ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದವನು, ಹಿಂದೆ ಹುಸಿ ಬಾಂಬ್ ಕರೆ ಮಾಡಿ ಜೈಲು ಕಂಡಿದ್ದವನು. ಅಂದು ಆ ಚೀಲದ ಸುಳಿವು ಕೊಟ್ಟದ್ದು ಸಾಲಿನ ಕೊನೆಯಲ್ಲಿರುವ ಎಕ್ಸ್-ರೇ ಪರದೆಯಲ್ಲ. ಇಲ್ಲಿ ಇರಬಾರದ್ದು ಇಲ್ಲಿದೆಯಲ್ಲ ಎಂದು ಯಾರದೋ ಮನಸ್ಸಿಗೆ ತಟ್ಟಿತು. ಹಾಗೆ ತಟ್ಟಬೇಕಾದರೆ ಮನಸ್ಸು ದಣಿದಿರಬಾರದು.

ನಿಯಮಗಳ ವಿಷಯಕ್ಕೆ ಬರುತ್ತೇನೆ. ಪ್ರತಿಯೊಂದು ನಿಯಮದ ಹಿಂದೆಯೂ ಒಂದು ಘಟನೆ ಇದೆ. 2001ರ ಡಿಸೆಂಬರ್‌ನಲ್ಲಿ ಒಬ್ಬ ಶೂಗಳಲ್ಲಿ ಸ್ಫೋಟಕ ಅಡಗಿಸಿಕೊಂಡು ಅಮೆರಿಕದ ವಿಮಾನ ಹತ್ತಿದ್ದ. 2006ರಿಂದ ಅಲ್ಲಿ ಎಲ್ಲರೂ ಶೂ ಬಿಚ್ಚಿದರು, 2025ರ ಜುಲೈಯವರೆಗೂ ಬಿಚ್ಚುತ್ತಲೇ ಇದ್ದರು. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕಗಳ ಸಂಚು ಬಯಲಾಯಿತು, ಅಂದಿನಿಂದ ಅಂತರರಾಷ್ಟ್ರೀಯ ಪ್ರಯಾಣಿಕರಿಗೆ 100 ಮಿಲಿಲೀಟರಿನ ಮಿತಿ ಬಂತು. ಕಾರಣ ಹೇಳಿದರೆ ಜನ ಒಪ್ಪುತ್ತಾರೆ. ಕೊಬ್ಬರಿಯನ್ನು ಲಗೇಜಿನಲ್ಲಿ ಏಕೆ ಬಿಡುವುದಿಲ್ಲ ಎಂದು ಕೇಳಿದವರಿಗೆ, ಅದರ ಎಣ್ಣೆ ಬೇಗ ಹೊತ್ತಿಕೊಳ್ಳುತ್ತದೆ ಎಂದು ಒಂದು ಸಾಲಿನಲ್ಲಿ ಹೇಳಿಬಿಡಬಹುದು. ತಿಪಟೂರಿನವರಿಗಂತೂ ಕೊಬ್ಬರಿಯ ಗುಣವನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಮನಸ್ಸು ಮಾಡಿದರೆ ನಿಯಮವೂ ಬಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆಗೆ ಹೋಗುವ ಮಾಲಾಧಾರಿಗಳು ಇರುಮುಡಿಯ ತೆಂಗಿನಕಾಯಿಯನ್ನು ಜೊತೆಯಲ್ಲೇ ಇಟ್ಟುಕೊಂಡು ವಿಮಾನ ಹತ್ತಬಹುದು ಎಂದು ಸೀಮಿತ ಅವಧಿಗೆ ಅನುಮತಿ ಕೊಟ್ಟರು. ಎಕ್ಸ್-ರೇ, ಸ್ಫೋಟಕದ ಕಣ ಪತ್ತೆ ಮಾಡುವ ಪರೀಕ್ಷೆ, ಕೈಯಿಂದ ತಪಾಸಣೆ, ಈ ಮೂರೂ ಆಗಬೇಕೆಂಬ ಷರತ್ತಿನ ಮೇಲೆ. ನನಗೆ ಇದು ಬಹಳ ಇಷ್ಟವಾಯಿತು. ಭಕ್ತಿಗೂ ಗೌರವ ಸಿಕ್ಕಿತು, ಎಚ್ಚರಿಕೆಯೂ ಸಡಿಲವಾಗಲಿಲ್ಲ.

ಇದೇ ಕಾಳಜಿ ದೇಹದ ವಿಷಯದಲ್ಲಿ ಇನ್ನೂ ಹೆಚ್ಚು ಬೇಕು. ಕೃತಕ ಕಾಲಿನಲ್ಲೇ ನರ್ತಿಸಿ ದೇಶಕ್ಕೆಲ್ಲ ಪರಿಚಿತರಾದ ಸುಧಾ ಚಂದ್ರನ್ 2021ರ ಅಕ್ಟೋಬರ್‌ನಲ್ಲಿ ವಿಡಿಯೊ ಮೂಲಕ ಪ್ರಧಾನಿಯವರಿಗೆ ಮನವಿ ಮಾಡಿಕೊಂಡಿದ್ದು ನಿಮಗೆ ನೆನಪಿರಬಹುದು. ಪ್ರತಿ ಸಲವೂ ಕಾಲು ಬಿಚ್ಚಿ ತೋರಿಸಬೇಕಾದ ನೋವನ್ನು ಅವರು ಹೇಳಿಕೊಂಡರು. ಭದ್ರತಾ ಪಡೆ ಕ್ಷಮೆ ಕೇಳಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಾನವ ಘನತೆಯ ದೃಷ್ಟಿಯಿಂದ ಕೃತಕ ಅಂಗಗಳನ್ನು ಬಿಚ್ಚಿಸಬಾರದು ಎಂದು ಹೇಳಿತು. ಹೆಸರಾಂತ ಕಲಾವಿದೆಯ ದನಿ ಕೇಳಿಸಿತು. ಮಂಡಿಯಲ್ಲಿ ಲೋಹವಿರುವ, ತನ್ನ ಊರಿನ ಭಾಷೆ ಬಿಟ್ಟು ಬೇರೆ ಬಾರದ, ಮೊದಲ ಸಲ ವಿಮಾನ ಹತ್ತುವ ಸಾವಿರಾರು ಅಮ್ಮಂದಿರ ದನಿ ಯಾರಿಗೆ ಕೇಳಿಸಬೇಕು? ಈಗ ನಮ್ಮ ಊರುಗಳಿಂದ ಹೀಗೆ ಹೋಗುವ ಹಿರಿಯರು ಎಷ್ಟೊಂದು ಜನ! ಮಕ್ಕಳು ಟಿಕೆಟ್ ಕಳಿಸುತ್ತಾರೆ, ಇವರು ಒಬ್ಬೊಬ್ಬರೇ ಹೊರಡುತ್ತಾರೆ.

ನಾನು ಕೇಳುವುದು ಅಸಾಧ್ಯವಾದದ್ದೇನಲ್ಲ. ಕರ್ನಾಟಕದ ಪ್ರತಿ ನಿಲ್ದಾಣದಲ್ಲಿ, ಪ್ರತಿ ಪಾಳಿಯಲ್ಲಿ, ಹೆಂಗಸರ ಸಾಲಿನ ಬಳಿ ಕನ್ನಡ ಬಲ್ಲ ಒಬ್ಬರಾದರೂ ಇರಲಿ. ಉತ್ತರದಿಂದ ಬಂದು ಇಲ್ಲಿ ದುಡಿಯುವ ಸಿಬ್ಬಂದಿಯನ್ನು ದೂರಲು ಈ ಮಾತಲ್ಲ. “ಅಮ್ಮ, ಮಂಡಿ ಆಪರೇಷನ್ ಆಗಿದೆಯಾ?” ಎಂಬ ಒಂದು ವಾಕ್ಯ ಕಲಿಸಲು ಎಷ್ಟು ಹೊತ್ತು ಬೇಕು? ಭಾಷೆ ಗೊತ್ತಿದ್ದರೆ ಉತ್ತರದಲ್ಲಿನ ತಡವರಿಕೆಯೂ ಗೊತ್ತಾಗುತ್ತದೆ, ಸುಳ್ಳು ಹೇಳುವವರನ್ನು ಹಿಡಿಯಲೂ ಅದು ಬೇಕು. ಬಿಡದ ವಸ್ತುಗಳ ಪಟ್ಟಿಯನ್ನು ಕನ್ನಡದಲ್ಲಿ, ಚಿತ್ರಗಳೊಂದಿಗೆ, ಚೀಲ ಬೆಲ್ಟಿಗೆ ಹೋಗುವ ಜಾಗದಲ್ಲಲ್ಲ, ಲಗೇಜು ಕೊಡುವ ಕೌಂಟರಿನಲ್ಲೇ ಹಾಕಿ. ಅಲ್ಲಿ ಗೊತ್ತಾಗಿದ್ದರೆ ಅಪ್ಪೆಮಿಡಿಯೂ ಅಡಕತ್ತರಿಯೂ ದೊಡ್ಡ ಚೀಲ ಸೇರುತ್ತಿದ್ದವು, ಪರದೆಯ ಮುಂದಿನವರಿಗೆ ಒಂದು ಚೀಲದ ಕೆಲಸ ಹಗುರವಾಗುತ್ತಿತ್ತು.

ಮರಳಿ ಬರುವಾಗ ಅಮ್ಮ ಒಬ್ಬಳೇ ಬಂದಳು, ನನಗೆ ರಜೆ ಮುಗಿದು ಮೊದಲೇ ಬಂದಿದ್ದೆ. ತಂಗಿ ಅಡಕತ್ತರಿಯನ್ನು ಸೀರೆಗಳ ನಡುವೆ ಸುತ್ತಿ ದೊಡ್ಡ ಚೀಲಕ್ಕೆ ಹಾಕಿದಳು. ಒಂದು ಚೀಟಿಯಲ್ಲಿ ಹಿಂದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟಳು: ಎರಡೂ ಮಂಡಿಗಳಲ್ಲಿ ಲೋಹವಿದೆ, ಇವರಿಗೆ ಹಿಂದಿ ಬರುವುದಿಲ್ಲ, ದಯವಿಟ್ಟು ಪರದೆಯ ಒಳಗೆ ತಪಾಸಣೆ ಮಾಡಿ. ಅಮ್ಮ ಅದನ್ನು ಬೋರ್ಡಿಂಗ್ ಪಾಸಿನ ಜೊತೆ ಹಿಡಿದುಕೊಂಡೇ ಸಾಲಿನಲ್ಲಿ ನಿಂತಳಂತೆ. ಅಲ್ಲಿದ್ದವರು ಓದಿ, ತಲೆಯಾಡಿಸಿ, ಕುಳಿತುಕೊಳ್ಳಲು ಕುರ್ಚಿ ಕೊಟ್ಟರಂತೆ.

ನಮ್ಮ ನಿಲ್ದಾಣದಲ್ಲಿ ಇಳಿದವಳನ್ನು ಕರೆತರಲು ಹೋದಾಗ ಚೀಟಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಬೆವರಿಗೆ ಅಕ್ಷರ ಕದಡಿತ್ತು. “ಇದನ್ನು ಇಲ್ಲಿಗೂ ಒಂದು ಕನ್ನಡದಲ್ಲಿ ಬರೆದುಕೊಡು, ಮುಂದಿನ ಸಲಕ್ಕೆ” ಎಂದಳು. ಸ್ವಲ್ಪ ಯೋಚಿಸಿ, “ಇಲ್ಲಿಯೂ ಹಿಂದಿಯಲ್ಲೇ ಬೇಕಾಗುತ್ತದೇನೋ, ಅಲ್ಲವಾ?” ಎಂದು ಕೇಳಿದಳು.