ಚೀಟಿ ಇಲ್ದೆ ಸ್ಟೀರಾಯ್ಡ್ ಕಣ್ಣಿನ ಡ್ರಾಪ್ಸ್ ಕೊಡಬೇಡ್ರಪ್ಪಾ

ಈಗಷ್ಟೇ ಮನೆಗೆ ಬಂದೆ, ಕೈಕಾಲು ಕೂಡ ತೊಳ್ಕೊಂಡಿಲ್ಲ, ಕೂತು ಇದನ್ನ ಟೈಪ್ ಮಾಡ್ತಿದೀನಿ. ರಾತ್ರಿ ಕಳೆದ್ರೆ ಸಿಟ್ಟು ಇಳಿದುಬಿಡುತ್ತೆ, ಇದು ಇಳೀಬಾರದ ಸಿಟ್ಟು.

ಅಮ್ಮನ ಬಿಪಿ ಮಾತ್ರೆ ತರೋಕೆ ಕೋಲಾರ ಬಸ್ ಸ್ಟ್ಯಾಂಡ್ ಕಡೆ ಒಂದು ಮೆಡಿಕಲ್‌ಗೆ ಹೋಗಿದ್ದೆ. ನನ್ ಮುಂದೆ ಒಬ್ಬ ಹೆಣ್ಮಗಳು, ಜೊತೆಗೆ ಎಂಟೊಂಬತ್ತು ವರ್ಷದ ಹುಡುಗ. ಹುಡುಗ ನಿಂತಷ್ಟು ಹೊತ್ತೂ ಮುಂಗೈಯಿಂದ ಕಣ್ಣು ಉಜ್ತಾನೇ ಇದ್ದ, ರೆಪ್ಪೆ ದಪ್ಪಗಾಗಿ ಜೋತುಬಿದ್ದಿತ್ತು, ಬಿಳಿಗುಡ್ಡೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಆಕೆ ಮೊಬೈಲಲ್ಲಿ ಹಳೇ ಡಬ್ಬಿ ಫೋಟೋ ತೋರಿಸಿ "ಇದೇ ಕೊಡಣ್ಣ, ಖಾಲಿ ಆಗೋಯ್ತು" ಅಂದ್ರು. ಕೌಂಟರಲ್ಲಿದ್ದ ಹುಡುಗ ಫೋಟೋ ನೋಡ್ದ, ಡ್ರಾಯರ್ ಎಳೆದ, ಡಬ್ಬಿ ಇಟ್ಟ, ದುಡ್ಡು ತಗೊಂಡ. ಅಷ್ಟೇ. ಚೀಟಿ ಎಲ್ಲಿ ಅಂತ ಕೇಳ್ಲಿಲ್ಲ, ಯಾರಿಗೆ, ಎಷ್ಟು ದಿನದಿಂದ ಅಂತಾನೂ ಕೇಳ್ಲಿಲ್ಲ. ನಾನು ಬಗ್ಗಿ ಡಬ್ಬಿ ಓದ್ದೆ. ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್, ಜೊತೆಗೊಂದು ಆಂಟಿಬಯಾಟಿಕ್. "ಎಷ್ಟು ದಿನದಿಂದ ಹಾಕ್ತಿದೀಯಮ್ಮಾ?" ಅಂದೆ. "ಯುಗಾದಿಯಿಂದ ಅಕ್ಕ, ಇದು ನಾಲ್ಕನೇದು. ಹಾಕಿದ್ರೆ ಉರಿ ನಿಲ್ಲುತ್ತೆ, ಬಿಟ್ರೆ ಮತ್ತೆ ಶುರು."

ನಾಲ್ಕನೇ ಬಾಟ್ಲಿ! ಒಂದ್ಸಲಾನೂ ಆ ಮಗೂಗೆ ಕಣ್ಣಿನ ಪ್ರೆಶರ್, ಅಂದ್ರೆ ಕಣ್ಣೊಳಗಿನ ಒತ್ತಡ, ನೋಡಿಲ್ಲ!

ನನ್ನ ಕಥೆ ನಿಮಗೆಲ್ಲ ಗೊತ್ತೇ ಇದೆ. 2019ರಲ್ಲಿ ಬಲಗಣ್ಣು ಕೆಂಪಾಗಿ, ಬೆಳಕು ಬಿದ್ರೆ ಚೂರಿ ಹಾಕ್ದಂಗಾಗಿ, ಹೈಸ್ಕೂಲ್ ಕ್ಲಾಸಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡು ಪಾಠ ಮಾಡಿದ್ನಲ್ಲ, ಆವಾಗ. ಒಂದು ವಾರ 'ಮದ್ರಾಸ್ ಐ' ಅಂದ್ಕೊಂಡು ಸುಮ್ನಿದ್ದೆ. ಆಮೇಲೆ ಗೊತ್ತಾಯ್ತು ಅದು ಯುವಿಯೈಟಿಸ್, ಅಂದ್ರೆ ಕಣ್ಣಿನ ಒಳಗಡೆ ಉರಿಯೂತ. ಡಾಕ್ಟರು ಬರೆದಿದ್ದು ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಡ್ರಾಪ್ಸ್, ಎದ್ದಿರೋಷ್ಟು ಹೊತ್ತೂ ಗಂಟೆಗೊಂದು ಹನಿ. ಪಾಪೆ ಹಿಂದಿನ ಲೆನ್ಸ್‌ಗೆ ಅಂಟ್ಕೋಬಾರ್ದು ಅಂತ ಅದನ್ನ ಅಗಲ ಮಾಡೋ ಇನ್ನೊಂದು ಡ್ರಾಪ್ಸು. ಆ ಹಾಲಿನಂಥ ಬಿಳೀ ಔಷಧಿ ಇಲ್ದಿದ್ರೆ ಇವತ್ತು ಬಲಗಣ್ಣಲ್ಲಿ ಈ ಅಕ್ಷರ ಓದ್ತಿರ್ಲಿಲ್ಲ ನಾನು. ಆದ್ರಿಂದ ದಯವಿಟ್ಟು ಯಾರೂ 'ಈಯಮ್ಮ ಸ್ಟೀರಾಯ್ಡ್ ವಿರೋಧಿ' ಅನ್ಬೇಡಿ. ನನ್ನ ದೃಷ್ಟಿ ಉಳಿಸಿದ್ದೇ ಸ್ಟೀರಾಯ್ಡ್.

ಆದ್ರೆ ಅದನ್ನ ನನಗೆ ಹೆಂಗೆ ಕೊಟ್ರು? ಅದು ಮುಖ್ಯ. ಪ್ರತಿ ಸಲ ಹೋದಾಗ್ಲೂ ಗದ್ದ ಸ್ಟ್ಯಾಂಡ್ ಮೇಲಿಡಿಸಿ, ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕಿನ ಪುಟ್ಟ ತುದಿ ಕಣ್ಣಿಗೆ ತಾಗಿಸಿ ಪ್ರೆಶರ್ ಬರ್ಕೊಳ್ತಿದ್ರು. ಮೊದಲನೇ ವಾರ 14. ಮೂರನೇ ವಾರ 28. ಸಾಮಾನ್ಯವಾಗಿ 10ರಿಂದ 21ರ ಒಳಗಿರಬೇಕು. ನನಗೆ ಏನೂ ಅನ್ನಿಸ್ಲಿಲ್ಲ ಕಣ್ರೀ! ನೋವಿಲ್ಲ, ಮಂಜಿಲ್ಲ, ಕೆಂಪೂ ಹೋಗಿತ್ತು, 'ವಾಸಿಯಾಯ್ತು' ಅಂತ ಖುಷಿಯಾಗಿ ಹೋಗಿದ್ದೆ. ಅವತ್ತು ಅಳತೆ ಮಾಡ್ದೇ ಇದ್ದಿದ್ರೆ? ಪ್ರೆಶರ್ ಇಳಿಸೋ ಡ್ರಾಪ್ಸ್ ಸೇರಿಸಿದ್ರು, ಸ್ಟೀರಾಯ್ಡನ್ನ ಇನ್ನೊಂದು ಮೆತ್ತಗಿನದಕ್ಕೆ ಬದಲಾಯಿಸಿದ್ರು, ಕಣ್ಣು ಉಳೀತು.

ಇದೇ ನನ್ನ ಹೊಟ್ಟೆ ಉರಿ. ಸ್ಟೀರಾಯ್ಡ್ ಡ್ರಾಪ್ಸ್ ವಾರಗಟ್ಟಲೆ ಹಾಕಿದ್ರೆ ಸುಮಾರು ಮೂರು ಜನದಲ್ಲಿ ಒಬ್ರಿಗೆ ಪ್ರೆಶರ್ ಸ್ವಲ್ಪನಾದ್ರೂ ಏರುತ್ತೆ, ನೂರಕ್ಕೆ ಐದಾರು ಜನಕ್ಕೆ ಜೋರಾಗೇ ಏರುತ್ತೆ. ಮನೇಲಿ ಯಾರಿಗಾದ್ರೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ) ಇದ್ರೆ, ಶುಗರ್ ಇದ್ರೆ, ಮೈನಸ್ ಪವರ್ ಜಾಸ್ತಿ ಇದ್ರೆ ಅಪಾಯ ಇನ್ನೂ ಹೆಚ್ಚು. ಮಕ್ಕಳಿಗಂತೂ ಬೇಗ ಏರುತ್ತೆ. ಏರಿದ್ದು ಗೊತ್ತಾಗಲ್ಲ, ಒಳಗೆ ಕಣ್ಣಿನ ನರ ಸದ್ದಿಲ್ದೆ ಸಾಯ್ತಿರುತ್ತೆ. ಜಾಸ್ತಿ ದಿನ ಹಾಕಿದ್ರೆ ಪೊರೆನೂ ಬರುತ್ತೆ, ಪೊರೆ ಆದ್ರೆ ಆಪರೇಷನ್ ಇದೆ. ಸತ್ತ ನರಕ್ಕೆ ಯಾವ ಆಪರೇಷನ್ನೂ ಇಲ್ಲ, ಬೆಂಗಳೂರಿಗೆ ಹೋದ್ರೂ ಇಲ್ಲ, ಅಮೆರಿಕಾಕ್ಕೆ ಹೋದ್ರೂ ಇಲ್ಲ. ಆ ಹುಡುಗನಿಗಿರೋದು ನೋಡಿದ್ರೆ ಬೇಸಿಗೇಲಿ ಕೆರಳೋ ಅಲರ್ಜಿ ಥರ ಇದೆ, ಡಾಕ್ಟರೇ ನೋಡಿ ಹೇಳ್ಬೇಕು. ಅಲರ್ಜಿಗೆ ದಿನಾ ಹಾಕೋಕೆ ಸ್ಟೀರಾಯ್ಡ್ ಅಲ್ಲದ ಡ್ರಾಪ್ಸ್ ಎಷ್ಟೊಂದಿದೆ. ಕೆರಳಿದಾಗ ನಾಲ್ಕು ದಿನ ಸ್ಟೀರಾಯ್ಡ್ ಬೇಕಾಗ್ಬಹುದು, ಆದ್ರೆ ಯುಗಾದಿಯಿಂದ ಇಲ್ಲೀವರೆಗೂ?

ಕೌಂಟರ್ ಹುಡುಗನಿಗೆ ಹೇಳ್ದೆ, ಇದು ಶೆಡ್ಯೂಲ್ ಹೆಚ್ ಔಷಧಿ ಕಣಪ್ಪ, ಚೀಟಿ ಇಲ್ದೆ ಮಾರೋ ಹಂಗಿಲ್ಲ ಅಂತ 1945ರ ಡ್ರಗ್ಸ್ ರೂಲ್ಸಲ್ಲೇ ಇದೆ. ಚರ್ಮಕ್ಕೆ ಹಚ್ಚೋ ಎಷ್ಟೋ ಮುಲಾಮಿಗೆ ಆ ರೂಲ್ಸಲ್ಲಿ ವಿನಾಯ್ತಿ ಕೊಟ್ಟವರು ಕಣ್ಣಿನ ಔಷಧಿಗೆ ಕೊಡ್ಲಿಲ್ಲ, ಯಾಕೆ ಅಂತ ಯೋಚ್ನೆ ಮಾಡು ಅಂದೆ. ಅವನು "ಎಲ್ರೂ ಕೊಡ್ತಾರೆ ಮೇಡಂ, ನಾವು ಕೊಡ್ದಿದ್ರೆ ಪಕ್ಕದಂಗಡೀಲಿ ತಗೋತಾರೆ" ಅಂದ.

ಈ ಪೋಸ್ಟ್ ಕೆಳಗೂ ಒಬ್ರಾದ್ರೂ ಬಂದು ಹೇಳ್ತೀರಾ, ಬಡವರು, ಟೊಮೇಟೊ ಮಂಡೀಲಿ ಕ್ರೇಟ್ ಹೊರೋರು, ಒಂದು ದಿನ ಆಸ್ಪತ್ರೆ ಅಂದ್ರೆ ಒಂದು ದಿನದ ಕೂಲಿ ಹೋಯ್ತು ಅಂತ. ನಿಜ. ಒಪ್ತೀನಿ. ಆದ್ರೆ ಜಿಲ್ಲಾಸ್ಪತ್ರೇಲಿ ಕಣ್ಣಿನ ವಿಭಾಗ ಇದೆ, ಪ್ರೆಶರ್ ನೋಡೋಕೆ ಐದು ನಿಮಿಷ ಸಾಕು. ನಾಲ್ಕು ಬಾಟ್ಲಿ ದುಡ್ಡು ಕೊಟ್ಟವರು ಬಡತನದಿಂದ ಆಸ್ಪತ್ರೆ ಬಿಡ್ಲಿಲ್ಲ, ಯಾರೂ ಅವರಿಗೆ ಹೇಳ್ಲಿಲ್ಲ, ಅದಕ್ಕೆ ಬಿಟ್ರು. ಬಡವರ ಮಗೂಗೆ ಕಣ್ಣು ಇನ್ನೂ ಜಾಸ್ತಿ ಬೇಕು, ಕಮ್ಮಿ ಅಲ್ಲ.

ಇನ್ನೊಂದು ವಿಷ್ಯ. ಇದನ್ನ ನಾನು ಇಲ್ಲಿವರೆಗೂ ಎಲ್ಲೂ ಬರೆದಿರ್ಲಿಲ್ಲ. 2021ರಲ್ಲಿ ಚಿಕ್ಕಪ್ಪನ ಮಗ ತೋಟದಲ್ಲಿ ಟೊಮೇಟೊ ಗಿಡಕ್ಕೆ ಕಡ್ಡಿ ಕಟ್ಟುವಾಗ ಕಣ್ಣಿಗೆ ಸೊಪ್ಪು ಹೊಡೀತು. ಸಾಯಂಕಾಲ ಕೆಂಪಗೆ ಮಾಡ್ಕೊಂಡು ನಮ್ಮನೆಗೆ ಬಂದ. "ಅಕ್ಕ, ನಿನ್ಹತ್ರ ಕಣ್ಣಿನ ಔಷಧಿ ಇರ್ತದಲ್ಲ" ಅಂದ. ಫ್ರಿಜ್ಜಿನ ಬಾಗಿಲಲ್ಲಿ ನನ್ನ ಸ್ಟೀರಾಯ್ಡ್ ಬಾಟ್ಲಿ ಅರ್ಧ ಉಳಿದಿತ್ತು. ಕೊಟ್ಟೆ. ನಾನೇ ಕೈಯಾರೆ ಕೊಟ್ಟೆ. ಹೆಂಗೆ ಅಲ್ಲಾಡಿಸಬೇಕು ಅಂತಾನೂ ತೋರಿಸಿಕೊಟ್ಟೆ. ಮೂರು ದಿನ ಕೆಂಪು ಇಳೀತು, ಫೋನ್ ಮಾಡಿ ಥ್ಯಾಂಕ್ಸ್ ಹೇಳ್ದ. ಎಂಟನೇ ದಿನ ಕರಿಗುಡ್ಡೆ ಮೇಲೆ ಅಕ್ಕಿಕಾಳಿನಷ್ಟು ಬಿಳೀ ಮಚ್ಚೆ. ಫಂಗಸ್. ಗಿಡ, ಸೊಪ್ಪು, ಹುಲ್ಲು ತಾಗಿದ ಕಣ್ಣಲ್ಲಿ ಫಂಗಸ್ ಕೂತಿರಬಹುದು, ಅದಕ್ಕೆ ಸ್ಟೀರಾಯ್ಡ್ ಹಾಕಿದ್ರೆ ಕಣ್ಣು ತಾನೇ ಹೋರಾಡೋ ಶಕ್ತಿ ಕಳ್ಕೊಳ್ಳುತ್ತೆ, ಮೇಲೆ ಕೆಂಪು ಇಳಿಯುತ್ತೆ, ಒಳಗೆ ಫಂಗಸ್ ಬೆಳೆಯುತ್ತೆ. ಹರ್ಪಿಸ್ ವೈರಸ್ ಹುಣ್ಣಿದ್ರೂ ಹಿಂಗೇ ಹದಗೆಡುತ್ತೆ. ವಾರಗಟ್ಟಲೆ ಫಂಗಸ್ ಡ್ರಾಪ್ಸ್ ಹಾಕಿ ಕಣ್ಣು ಉಳೀತು, ಆದ್ರೆ ಆ ಕಲೆ ಇವತ್ತಿಗೂ ಇದೆ. ಅವನು ಒಂದು ದಿನಾನೂ ನನ್ನ ಬೈದಿಲ್ಲ. ಹಬ್ಬಕ್ಕೆ ಬಂದಾಗ ಎಡಗಡೆ ಕೂತವರನ್ನ ನೋಡೋಕೆ ಮುಖ ಪೂರ್ತಿ ತಿರುಗಿಸ್ತಾನೆ, ಅದನ್ನ ನೋಡೋಕೆ ನನಗಾಗಲ್ಲ.

ಅದಕ್ಕೇ ಹೇಳ್ತಿರೋದು. ನಿಮ್ಮ ಬಾಟ್ಲಿ ನಿಮ್ಮ ಕಾಯಿಲೆಗೆ ಮಾತ್ರ. ತೆರೆದು ಒಂದು ತಿಂಗಳಾದ್ರೆ ಉಳಿದಿದ್ರೂ ಬಿಸಾಕಿ.

ಹಂಗಂತ ಹೆದರ್ಕೊಂಡು ಮಧ್ಯದಲ್ಲಿ ಬಿಡೋದು ಇದಕ್ಕಿಂತ ದೊಡ್ಡ ತಪ್ಪು, ಅದನ್ನೂ ನಾನು ಮಾಡಿದೀನಿ. ಯಾರೋ ಸ್ಟೀರಾಯ್ಡ್ ಅಂದ್ರೆ ವಿಷ ಅಂದ್ರು ಅಂತ ಒಂಬತ್ತನೇ ದಿನ ದಿಢೀರ್ ನಿಲ್ಲಿಸ್ದೆ, ಎರಡೇ ದಿನಕ್ಕೆ ಉರಿಯೂತ ಮೊದಲಿಗಿಂತ ಜೋರಾಗಿ ವಾಪಸ್ ಬಂತು. ಗಂಟೆಗೊಂದರಿಂದ ಎರಡು ಗಂಟೆಗೊಂದು, ಆಮೇಲೆ ದಿನಕ್ಕೆ ಆರು, ನಾಲ್ಕು, ಮೂರು, ಎರಡು, ಒಂದು, ಹಿಂಗೆ ಡಾಕ್ಟರ್ ಹೇಳ್ದಂಗೇ ಇಳಿಸ್ಕೊಂಡು ಬರಬೇಕು. ನಾನು ಆ ಪಟ್ಟಿನ ಫ್ರಿಜ್ಜಿಗೆ ಅಂಟಿಸಿ, ಹಾಕಿದಾಗೆಲ್ಲ ಪೆನ್ನಲ್ಲಿ ಗೀಟು ಹಾಕ್ತಿದ್ದೆ. ಬಿಳೀ ಔಷಧಿ ಆದ್ರೆ ಚೆನ್ನಾಗಿ ಅಲ್ಲಾಡಿಸಲೇಬೇಕು, ಇಲ್ದಿದ್ರೆ ಬರೀ ನೀರು ಬೀಳುತ್ತೆ, ಔಷಧಿ ತಳದಲ್ಲೇ ಉಳಿಯುತ್ತೆ. ಕೈ ತೊಳ್ಕೊಂಡು, ಕೆಳರೆಪ್ಪೆ ಎಳೆದು ಒಂದೇ ಹನಿ, ಎರಡು ಹನಿ ಕಣ್ಣಲ್ಲಿ ಹಿಡಿಸೋದೇ ಇಲ್ಲ, ಕೆನ್ನೆ ಮೇಲೆ ಹರಿಯುತ್ತೆ ಅಷ್ಟೇ. ಮೂತಿ ರೆಪ್ಪೆಗೆ ತಾಗಬಾರದು. ಹಾಕಿ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆನ ಒಂದೆರಡು ನಿಮಿಷ ಒತ್ತಿ ಹಿಡ್ಕೊಂಡ್ರೆ ಔಷಧಿ ಗಂಟಲಿಗೆ ಇಳಿಯಲ್ಲ. ಇನ್ನೊಂದು ಡ್ರಾಪ್ಸ್ ಇದ್ರೆ ಐದು ನಿಮಿಷ ಬಿಟ್ಟು. ಮತ್ತೆ ಹೇಳ್ತೀನಿ, ಎಷ್ಟೇ ಸರಿಯಾಗಿ ಹಾಕಿದ್ರೂ ಪ್ರೆಶರ್ ನೋಡಿಸ್ಲೇಬೇಕು. ಕೆಂಪು ಹೋಯ್ತು ಅಂತ ಅದನ್ನ ಬಿಡಬೇಡಿ.

ಆ ತಾಯಿಗೆ ಇಷ್ಟೆಲ್ಲ ಅಂಗಡಿ ಮುಂದೆ ನಿಂತ್ಕೊಂಡೇ ಹೇಳ್ದೆ. ಮೊದಲು ಗಾಬರಿಯಾದ್ರು, ಆಮೇಲೆ ಮಗನ ಕೈ ಹಿಡಿದು ಕಣ್ಣಿಂದ ಇಳಿಸಿ "ಉಜ್ಬೇಡ ಕಂದಾ" ಅಂದ್ರು. "ನಂಗೆ ಅಲ್ಲಿ ಎಲ್ಲಿ ಚೀಟಿ ಮಾಡಿಸ್ಬೇಕು ಅಂತಾನೂ ಗೊತ್ತಿಲ್ಲ ಅಕ್ಕ" ಅಂದ್ರು. ನಾಳೆ ಒಂಬತ್ತು ಗಂಟೆಗೆ ಜಿಲ್ಲಾಸ್ಪತ್ರೆ ಗೇಟ್ ಹತ್ರ ಬನ್ನಿ, ಖಾಲಿ ಬಾಟ್ಲಿಗಳು ಇದ್ರೆ ಎಲ್ಲಾ ತನ್ನಿ, ನಾನೂ ಬರ್ತೀನಿ ಅಂದಿದೀನಿ. ನಮ್ಮ ಸ್ಕೂಲಿನ ಗ್ರೂಪಲ್ಲಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಾಳೆ ಒಂಬತ್ತನೇ ಕ್ಲಾಸಿನ ನನ್ನ ಮೊದಲೆರಡು ಪೀರಿಯಡ್ ತಗೊಳ್ರಪ್ಪಾ, ಹೆಡ್‌ಮಾಸ್ಟರಿಗೆ ಈಗ್ಲೇ ಫೋನ್ ಮಾಡ್ತೀನಿ.